ಗಾಲಿಗೊಂದು ಕವಚ, ನಡುವೆ ಹೆಬ್ಬೆರಳಗಲದ ಜಾಗ

ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೆ ವಿಮಾನದ ಚಕ್ರಗಳಿಗೆ ಏನೂ ಕೆಲಸವಿಲ್ಲ. ಅಷ್ಟು ಹೊತ್ತೂ ಅವು ಗಾಳಿಗೆ ಅಡ್ಡ ನಿಂತ ಹೊರೆ. ದೊಡ್ಡ ವಿಮಾನಗಳು ಅವನ್ನು ಹೊಟ್ಟೆಯೊಳಗೆ ಮಡಚಿಕೊಳ್ಳುತ್ತವೆ. ಸೆಸ್ನಾ 172, ಪೈಪರ್ ಚೆರೋಕಿಯಂಥ ಖಾಸಗಿ ಪುಟ್ಟ ವಿಮಾನಗಳ ಕಾಲುಗಳು ಮಡಚುವುದಿಲ್ಲ. ಹಾರುವಾಗಲೂ ಹೊರಗೇ ಇರುತ್ತವೆ. ಇಂಥ ಚಕ್ರಗಳ ಮೇಲೆ ತೊಡಿಸುವ, ಮುಂದೆ ದುಂಡಗೆ ಹಿಂದೆ ಚೂಪಾಗಿ ಸಾಗುವ ಕವಚವೇ ವೀಲ್ ಫೇರಿಂಗ್. ಅಮೆರಿಕದ ಹ್ಯಾಂಗರುಗಳಲ್ಲಿ ಇದನ್ನು ವೀಲ್ ಪ್ಯಾಂಟ್ ಎನ್ನುತ್ತಾರೆ, ಬ್ರಿಟನ್ನಿನಲ್ಲಿ ಸ್ಪ್ಯಾಟ್.

ಈ ಕವಚ ವಿಮಾನದ ಭಾರ ಹೊರುವುದಿಲ್ಲ. ಬಿಚ್ಚಿಟ್ಟರೂ ವಿಮಾನ ಹಾರುತ್ತದೆ. ಅದಕ್ಕೇ ಇದರ ರಿಪೇರಿಯನ್ನು ಹಗುರವಾಗಿ ಕಾಣುವವರು ಬಹಳ. ಆದರೆ ಸರಿಯಾಗಿ ಕೂರದ ಕವಚ ಟೈರನ್ನು ಉಜ್ಜುತ್ತದೆ, ಬ್ರೇಕಿನ ಸೋರಿಕೆಯನ್ನು ಕಣ್ಣಿಗೆ ಬೀಳದಂತೆ ಮುಚ್ಚುತ್ತದೆ, ಕೆಸರು ತುಂಬಿಕೊಂಡು ಚಕ್ರವನ್ನೇ ಹಿಡಿದುಬಿಡುತ್ತದೆ. ಕವಚದ ಹೊರಮೈ ವೇಗ ಕೊಡುತ್ತದೆ; ಕವಚಕ್ಕೂ ಟೈರಿಗೂ ನಡುವೆ ಇರುವ ಖಾಲಿ ಜಾಗ ಸುರಕ್ಷತೆ ಕೊಡುತ್ತದೆ. ಹೊರಮೈ ಎಲ್ಲರಿಗೂ ಕಾಣುತ್ತದೆ. ಒಳಗಿನ ಜಾಗವನ್ನು ಕಾಪಾಡುವುದೇ ಈ ಕೆಲಸದ ನಿಜವಾದ ಕಸುಬುದಾರಿಕೆ.

ಗಾಳಿಯ ಲೆಕ್ಕ

ಓಡುವ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಅಂಗೈಯನ್ನು ಗಾಳಿಗೆ ಎದುರಾಗಿ ಹಿಡಿದರೆ ಕೈ ಹಿಂದಕ್ಕೆ ತಳ್ಳಿಹೋಗುತ್ತದೆ. ಅಡ್ಡ ಮಾಡಿದರೆ ಗಾಳಿ ಸಲೀಸಾಗಿ ಜಾರಿಹೋಗುತ್ತದೆ. ಚಕ್ರದ ಕಷ್ಟವೂ ಇದೇ. ಟೈರು, ಬ್ರೇಕಿನ ತಟ್ಟೆ, ಆಕ್ಸಲ್, ಬೋಲ್ಟು, ಎಣ್ಣೆ ಕೊಳವೆ ಎಲ್ಲವೂ ಬೇರೆ ಬೇರೆ ಮೂಲೆಗಳಲ್ಲಿ ಗಾಳಿಯನ್ನು ಒಡೆಯುತ್ತವೆ. ಎದುರಿಗೆ ಬಡಿಯುವ ಗಾಳಿಗಿಂತ ಹಿಂದೆ ಆಗುವ ನಷ್ಟವೇ ಹೆಚ್ಚು. ಮೊಂಡು ವಸ್ತುವನ್ನು ದಾಟಿದ ಗಾಳಿ ಅದರ ಬೆನ್ನಿಗೆ ಅಂಟಿಕೊಂಡು ಬರಲಾಗದೆ ಬೇರ್ಪಟ್ಟು ಸುಳಿಯಾಗುತ್ತದೆ. ಅಲ್ಲಿ ಒತ್ತಡ ಕುಸಿದು, ವಸ್ತುವನ್ನು ಹಿಂದಕ್ಕೆ ಎಳೆಯುತ್ತದೆ. ಮೈಗೆ ತಾಗಿ ಹರಿಯುವ ಗಾಳಿಯ ತೆಳುಪದರ ಹೇಗೆ ವರ್ತಿಸುತ್ತದೆ, ಯಾಕೆ ಬೇರ್ಪಡುತ್ತದೆ ಎಂದು ಜರ್ಮನಿಯ ಲುಡ್ವಿಗ್ ಪ್ರಾಂಟಲ್ 1904ರಲ್ಲಿ ವಿವರಿಸಿದರು. ಆ ವಿವರಣೆಯ ಮುಂದುವರಿಕೆಯಾಗಿ ಒಂದು ಸಂಗತಿ ಸ್ಪಷ್ಟವಾಯಿತು: ದುಂಡನೆಯ ತಂತಿಯೊಂದು ಒಡ್ಡುವಷ್ಟೇ ತಡೆಯನ್ನು, ಅದಕ್ಕಿಂತ ಸುಮಾರು ಹತ್ತುಪಟ್ಟು ದಪ್ಪವಿದ್ದು ಹಿಂದಕ್ಕೆ ನವಿರಾಗಿ ಇಳಿಯುವ ರೆಕ್ಕೆಯಾಕಾರದ ಪಟ್ಟಿ ಒಡ್ಡುತ್ತದೆ. ಚಕ್ರದ ಕವಚ ಚಕ್ರಕ್ಕಿಂತ ಎಷ್ಟೋ ದೊಡ್ಡದಿದ್ದರೂ ಗಾಳಿಗೆ ಚಿಕ್ಕದಾಗುವುದು ಹೀಗೆ. ಅದರ ಉದ್ದನೆಯ ಬಾಲ ಅಲಂಕಾರಕ್ಕಲ್ಲ. ಕೆಲಸದ ಬಹುಪಾಲು ಅಲ್ಲೇ ನಡೆಯುತ್ತದೆ.

ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಆ ತಡೆಯನ್ನು ಗೆಲ್ಲಲು ಎಂಜಿನ್ ಕೊಡಬೇಕಾದ ಶಕ್ತಿ ವೇಗದ ಘನದಷ್ಟು. ಸೆಸ್ನಾ 172ರ ಕೈಪಿಡಿಗಳಲ್ಲಿ ಕವಚಗಳಿಂದ ಸಿಗುವ ಲಾಭ ಸುಮಾರು 2 ನಾಟ್ ಎಂದಿದೆ. ಕೇಳಲು ಅಲ್ಪ. ಆದರೆ 120 ನಾಟ್ ವೇಗದಲ್ಲಿ ಇನ್ನೆರಡು ನಾಟನ್ನು ಎಂಜಿನ್‌ನಿಂದಲೇ ಹಿಂಡಬೇಕಾದರೆ ಶೇ 5ರಷ್ಟು ಹೆಚ್ಚು ಶಕ್ತಿ ಬೇಕು. 160 ಅಶ್ವಶಕ್ತಿಯ ಎಂಜಿನ್ ಮುಕ್ಕಾಲು ಪಾಲು ಶಕ್ತಿಯಲ್ಲಿ ಓಡುತ್ತಿದ್ದರೆ ಅದು ಆರು ಅಶ್ವಶಕ್ತಿಗೆ ಸಮ. ಪ್ರತಿ ಗಂಟೆಯ ಹಾರಾಟದಲ್ಲೂ ಇಂಧನ ಸುಡದೆ ಸಿಗುವ ಆರು ಕುದುರೆಗಳ ಬಲ ಅದು. ವೇಗದ ವಿಮಾನಗಳಲ್ಲಿ ಈ ಲಾಭ ಇನ್ನೂ ದೊಡ್ಡದು.

ಯುದ್ಧಭೂಮಿಯ ಪಾಠ

ಅಮೆರಿಕದ ವರ್ಜೀನಿಯಾದ ಲ್ಯಾಂಗ್ಲಿಯಲ್ಲಿದ್ದ ನಾಕಾ ಸಂಸ್ಥೆ, ಅಂದರೆ ಇಂದಿನ ನಾಸಾದ ಪೂರ್ವಜ, 1930ರ ದಶಕದಲ್ಲಿ ಚಕ್ರಗಳನ್ನೂ ಅವುಗಳ ಕವಚಗಳನ್ನೂ ಗಾಳಿಸುರಂಗದಲ್ಲಿಟ್ಟು ಒಂದೊಂದಾಗಿ ಅಳೆಯಿತು. ಹರ್ನ್‌ಸ್ಟೈನ್ ಮತ್ತು ಬೀರ್‌ಮನ್ ಎಂಬ ಎಂಜಿನಿಯರುಗಳ ವರದಿ ಸರಣಿ 1934ರಿಂದ ಹೊರಬಂತು. ಆ ಹೊತ್ತಿಗೆ ಕವಚ ಬಳಕೆಗೆ ಬಂದಾಗಿತ್ತು: ಚಾರ್ಲ್ಸ್ ಲಿಂಡ್‌ಬರ್ಗ್ 1930ರಲ್ಲಿ ಹಾರಿಸಿದ ಲಾಕ್‌ಹೀಡ್ ಸಿರಿಯಸ್‌ಗೂ ಅದಿತ್ತು.

ನಮ್ಮ ಚರಿತ್ರೆಗೂ ಇದರ ನಂಟಿದೆ. 1942ರಲ್ಲಿ ಬರ್ಮಾದಲ್ಲಿ ಹೋರಾಡಿದ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದು ವೆಸ್ಟ್‌ಲ್ಯಾಂಡ್ ಲೈಸಾಂಡರ್ ವಿಮಾನಗಳನ್ನು. ಅವುಗಳ ದೊಡ್ಡ ಚಕ್ರಕವಚಗಳೊಳಗೆ ಇಳಿಯುವಾಗ ಬೆಳಗಿಸುವ ದೀಪಗಳಿದ್ದವು, ಮುಂದಕ್ಕೆ ಗುಂಡು ಹಾರಿಸುವ ಮೆಷಿನ್‌ಗನ್‌ಗಳೂ ಇದ್ದವು. ದೆಹಲಿಯ ಪಾಲಂ ವಾಯುಪಡೆ ಸಂಗ್ರಹಾಲಯದಲ್ಲಿ ಲೈಸಾಂಡರ್ ಒಂದನ್ನು ಈಗಲೂ ನೋಡಬಹುದು. ಅದೇ ಯುದ್ಧದಲ್ಲಿ ಜರ್ಮನಿಯ ಸ್ಟೂಕಾ ವಿಮಾನಗಳು ರಷ್ಯಾದ ಕೆಸರುಗದ್ದೆಯಂಥ ಮೈದಾನಗಳಿಗೆ ಹೋದಾಗ, ನೆಲದ ಸಿಬ್ಬಂದಿ ಹಲವು ಕಡೆ ಕವಚಗಳನ್ನು ಕಳಚಿಹಾಕಬೇಕಾಯಿತು. ಟೈರಿಗೂ ಕವಚಕ್ಕೂ ನಡುವೆ ಕೆಸರು ಗಟ್ಟಿಯಾದಾಗ ಎಂಥ ಒಳ್ಳೆಯ ಆಕಾರವೂ ಕೆಲಸಕ್ಕೆ ಬಾರದು ಎಂಬ ಪಾಠ ಅಲ್ಲೇ ಸಿಕ್ಕಿತು. ಅದು ಇವತ್ತಿಗೂ ಹಳತಾಗಿಲ್ಲ.

ಒಡೆಯುವುದು ಎಲ್ಲಿ, ಯಾಕೆ

ಇಡೀ ವಿಮಾನದಲ್ಲಿ ಇಷ್ಟು ಪೆಟ್ಟು ತಿನ್ನುವ ಜಾಗ ಇನ್ನೊಂದಿಲ್ಲ. ರನ್‌ವೇಯ ಜಲ್ಲಿ ಚಕ್ರದಿಂದ ಸಿಡಿದು ಒಳಮೈಗೆ ಬಡಿಯುತ್ತದೆ. ಪ್ರೊಪೆಲ್ಲರ್ ಎಬ್ಬಿಸಿದ ಕಲ್ಲು ಹೊರಮೈಗೆ ತಾಗುತ್ತದೆ. ಪ್ರತಿ ಇಳಿಕೆಯಲ್ಲೂ ಚಕ್ರ ನಿಂತ ಸ್ಥಿತಿಯಿಂದ ಒಮ್ಮೆಲೇ ತಿರುಗತೊಡಗುತ್ತದೆ. ಆ ಅದುರುವಿಕೆ ನೇರ ಕವಚದ ಸ್ಕ್ರೂಗಳಿಗೆ ಹೋಗುತ್ತದೆ. ಸೆಸ್ನಾದಂಥ ಮೇಲ್‌ರೆಕ್ಕೆಯ ವಿಮಾನಗಳಲ್ಲಿ ಇಂಧನ ತುಂಬಲು ಹತ್ತುವವರು ಕವಚದ ಮೇಲೆ ಕಾಲಿಡುವುದೂ ಉಂಟು. ಹೀಗಾಗಿ ಬಿರುಕು ಹುಟ್ಟುವುದು ಬಹುಮಟ್ಟಿಗೆ ಎರಡೇ ಕಡೆ: ಸ್ಕ್ರೂ ತೂತುಗಳ ಸುತ್ತ ಮತ್ತು ಟೈರು ಹೊರಬರುವ ಕೆಳಬಾಯಿಯ ಅಂಚಿನಲ್ಲಿ.

ಮದ್ದು ಹಾಕುವ ಮೊದಲು ವಸ್ತು ಯಾವುದೆಂದು ತಿಳಿಯಬೇಕು. ಹಳೆಯ ಕವಚಗಳು ಅಲ್ಯೂಮಿನಿಯಂ ತಗಡಿನವು, ಕೆಲವು ಎಬಿಎಸ್ ಪ್ಲಾಸ್ಟಿಕ್ಕಿನವು, ಈಗಿನವು ಹೆಚ್ಚಾಗಿ ಫೈಬರ್‌ಗ್ಲಾಸಿನವು. ಎಬಿಎಸ್ ಬಿಸಿಲಿಗೆ ಬೆಂದು ಬಿರುಸಾಗುತ್ತದೆ. ಅದಕ್ಕೆ ಸಾಮಾನ್ಯ ರೆಸಿನ್ ಗಟ್ಟಿಯಾಗಿ ಹಿಡಿಯದು. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ದ್ರಾವಕದಲ್ಲಿ ಕರಗಿಸಿ, ಆ ಪಾಕದಿಂದಲೇ ಬಿರುಕು ಬೆಸೆಯುವುದು ಅನುಭವಿಗಳ ದಾರಿ. ಫೈಬರ್‌ಗ್ಲಾಸಿನಲ್ಲೂ ಎರಡು ಜಾತಿ: ಪಾಲಿಯೆಸ್ಟರ್ ರೆಸಿನ್ನಿನದು, ಎಪಾಕ್ಸಿಯದು. ಗಟ್ಟಿಯಾದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಅಂಟುತ್ತದೆ. ಗಟ್ಟಿಯಾದ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಅಷ್ಟಾಗಿ ಅಂಟದು. ಯಾವುದೆಂದು ಖಚಿತವಿಲ್ಲದಿದ್ದಾಗ ಎಪಾಕ್ಸಿಯನ್ನೇ ಹಿಡಿಯುವುದು ಇದಕ್ಕೇ.

ತೇಪೆಯ ಶಿಸ್ತು

ಕವಚವನ್ನು ಬಿಚ್ಚಿ ಮೊದಲು ಜಿಡ್ಡು ತೆಗೆಯಬೇಕು, ಆಮೇಲೆ ಉಜ್ಜಬೇಕು. ಈ ಕ್ರಮ ತಿರುವುಮುರುವಾದರೆ ಸ್ಯಾಂಡ್‌ಪೇಪರ್ ಗ್ರೀಸನ್ನೂ ಬ್ರೇಕಿನ ಎಣ್ಣೆಯನ್ನೂ ಗಾಜಿನ ನೂಲಿನೊಳಕ್ಕೇ ತಿಕ್ಕಿಬಿಡುತ್ತದೆ. ಎಷ್ಟೇ ಒಳ್ಳೆಯ ತೇಪೆಯೂ ಮುಂದೆ ಏಳುತ್ತದೆ. ಬಿರುಕಿನ ತುದಿಯನ್ನು ಹುಡುಕಿ ಅಲ್ಲೊಂದು ಸಣ್ಣ ತೂತು ಕೊರೆಯಬೇಕು. ಚೂಪಾದ ತುದಿಯಲ್ಲಿ ಒಟ್ಟಾಗುವ ಒತ್ತಡ ದುಂಡನೆಯ ತೂತಿನ ಅಂಚಿಗೆ ಹರಡಿಕೊಂಡು, ಬಿರುಕು ಮುಂದಕ್ಕೆ ಓಡುವುದು ನಿಲ್ಲುತ್ತದೆ.

ಅನಂತರ ಒಡೆದ ಅಂಚುಗಳನ್ನು ಮೂಲ ಆಕಾರಕ್ಕೆ ತಂದು ಹೊರಗಿನಿಂದ ಟೇಪಿನಲ್ಲಿ ಬಿಗಿಯಬೇಕು. ಒಳಮೈಯ ಬಣ್ಣವನ್ನು ಪೂರ್ತಿ ತೆಗೆದು, ಬಿರುಕಿನ ಎರಡೂ ಕಡೆ ಇಳಿಜಾರಾಗಿ ಉಜ್ಜಿ, ಗಾಜಿನ ಬಟ್ಟೆಯ ತುಂಡುಗಳನ್ನು ಎಪಾಕ್ಸಿಯಲ್ಲಿ ತೋಯಿಸಿ ಹಾಸಬೇಕು. ಒಂದು ತುಂಡಿಗಿಂತ ಇನ್ನೊಂದು ಅಂಗುಲದಷ್ಟು ದೊಡ್ಡದಿದ್ದರೆ ತೇಪೆಯ ಅಂಚಿನಲ್ಲಿ ಮೆಟ್ಟಿಲು ಉಳಿಯದೆ ಬಲ ನವಿರಾಗಿ ಹಂಚಿಹೋಗುತ್ತದೆ. ತಿರುವಿರುವ ಕಡೆ ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಸುಕ್ಕಿಲ್ಲದೆ ಕೂರುತ್ತದೆ. ಬಲ ಇರುವುದು ಗಾಜಿನ ನೂಲಿನಲ್ಲಿ. ರೆಸಿನ್ ಅದನ್ನು ಹಿಡಿದಿಡುವ ಅಂಟು ಮಾತ್ರ. ಬಟ್ಟೆ ತೋಯ್ದು ಪಾರದರ್ಶಕವಾದರೆ ಸಾಕು, ಮೇಲೆ ನಿಂತ ರೆಸಿನ್ ಬರೀ ತೂಕ. ಎಪಾಕ್ಸಿಯಲ್ಲಿ ಹಾರ್ಡನರ್ ಹೆಚ್ಚು ಸುರಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ತಯಾರಕರು ಹೇಳಿದ ಅಳತೆ ತಪ್ಪಿದರೆ ಅದು ಎಂದೂ ಪೂರ್ತಿ ಗಟ್ಟಿಯಾಗದು. ಗಾಜಿನ ಪುಡಿ ಶ್ವಾಸಕ್ಕೂ ಚರ್ಮಕ್ಕೂ ಕೆಟ್ಟದ್ದು. ಮುಖಗವಸು, ಕೈಗವಸು ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು.

ಸ್ಕ್ರೂ ತೂತುಗಳು ಅದುರುವಿಕೆಗೆ ಸವೆದು ಉದ್ದವಾಗಿದ್ದರೆ ದೊಡ್ಡ ವಾಷರ್ ಹಾಕಿ ಬಿಗಿದು ಮುಂದೆ ಸಾಗುವುದು ಸುಲಭ. ಆದರೆ ಸಡಿಲ ತೂತಿನಲ್ಲಿ ಕವಚ ಅಲುಗಾಡುತ್ತಲೇ ಇರುತ್ತದೆ, ಹೊಸ ಬಿರುಕು ಅಲ್ಲೇ ಹುಟ್ಟುತ್ತದೆ. ಎಪಾಕ್ಸಿಗೆ ಹತ್ತಿಯ ನುಣ್ಣನೆಯ ನಾರು ಕಲಸಿದ ಗಟ್ಟಿ ಲೇಪದಿಂದ ಹಳೆಯ ತೂತನ್ನು ತುಂಬಿ, ಹಿಂದಿನಿಂದ ಒಂದೆರಡು ಪದರ ಬಟ್ಟೆ ಕೊಟ್ಟು, ಹೊಸದಾಗಿ ಸರಿಯಾದ ಅಳತೆಯ ತೂತು ಕೊರೆಯುವುದು ಬಾಳಿಕೆಯ ಕ್ರಮ. ಹೊರಮೈಯ ತಗ್ಗುಗಳಿಗೆ ಹಗುರವಾದ ಮೈಕ್ರೋಬಲೂನ್ ಪುಡಿ ಬೆರೆಸಿದ ಲೇಪ ಸಾಕು. ಅದರಲ್ಲಿ ಬಲವಿಲ್ಲ, ಆದ್ದರಿಂದ ಬಲ ಬೇಕಾದಲ್ಲಿ ಅದನ್ನು ಬಳಸಬಾರದು.

ಇಲ್ಲೊಂದು ಎಚ್ಚರ. ತೇಪೆ ಹಾಕುವುದು ಒಳಮೈಗೆ, ಟೈರು ತಿರುಗುವುದೂ ಒಳಗೇ. ನಾಲ್ಕು ಪದರ ಬಟ್ಟೆ, ಗಟ್ಟಿಯಾಗಿ ನಿಂತ ರೆಸಿನ್ನಿನ ಒಂದು ಉಬ್ಬು, ಒಳಕ್ಕೆ ಚಾಚಿದ ಒಂದು ಉದ್ದ ಸ್ಕ್ರೂ: ಪ್ರತಿಯೊಂದೂ ಅಂತರವನ್ನು ಕಡಿಮೆ ಮಾಡುತ್ತದೆ. ಬಲಪಡಿಸುವ ಉತ್ಸಾಹದಲ್ಲಿ ಜಾಗ ಕಳೆದುಕೊಂಡರೆ, ರಿಪೇರಿಯಾದ ಕವಚ ಬಿರುಕಿದ್ದ ಕವಚಕ್ಕಿಂತ ಹೆಚ್ಚು ಅಪಾಯದ್ದು.

ನಿಂತಂತಲ್ಲ, ಹಾರಿದಂತೆ

ಕೂರಿಸುವ ಕೆಲಸವನ್ನು ಪೂರ್ತಿಯಾಗಿ ಕಾಣಬೇಕಾದರೆ ಮನೆಯಲ್ಲೇ ವಿಮಾನ ಕಟ್ಟುವವರ ಗ್ಯಾರೇಜಿಗೆ ಹೋಗಬೇಕು. ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ 1970ರ ದಶಕದಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಆರಂಭಿಸಿದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ ಸರಣಿಯ ಕಿಟ್‌ಗಳಿಂದ ಸಾವಿರಾರು ವಿಮಾನಗಳು ಹೀಗೆ ತಯಾರಾಗಿ ಹಾರಿವೆ. ಇವುಗಳ ಕವಚ ಮುಂಭಾಗ, ಹಿಂಭಾಗ ಎಂದು ಎರಡು ಹೋಳುಗಳಲ್ಲಿ ಬರುತ್ತದೆ. ತೂತುಗಳನ್ನು ಕಟ್ಟುವವರೇ ಕೊರೆದು ಜೋಡಿಸಬೇಕು.

ಹೊಸಬರಿಗೆ ಸುಲಭವೆನಿಸುವುದು ನೆಲದ ಮೇಲೆ ನಿಂತ ವಿಮಾನಕ್ಕೆ ಕವಚವನ್ನು ಹಿಡಿದು ನೋಡುವುದು. ಆದರೆ ನಿಂತಾಗ ವಿಮಾನದ ತೂಕಕ್ಕೆ ಸ್ಪ್ರಿಂಗ್‌ನಂತೆ ಬಾಗುವ ಕಾಲುಗಳು ಅಗಲವಾಗಿರುತ್ತವೆ, ಚಕ್ರ ಒಂದಿಷ್ಟು ವಾಲಿರುತ್ತದೆ. ನೆಲ ಬಿಟ್ಟಾಗ ಕಾಲು ಸಡಿಲಗೊಂಡು ಕೆಳಗಿಳಿಯುತ್ತದೆ, ಚಕ್ರದ ಕೋನವೂ ಬದಲಾಗುತ್ತದೆ. ಕವಚಕ್ಕೆ ಕೆಲಸವಿರುವುದು ಆಗ. ಅದಕ್ಕಾಗಿ ವಿಮಾನವನ್ನು ಎತ್ತಿ, ಚಕ್ರಗಳ ಮೇಲಿನ ಭಾರ ತೆಗೆದು, ನೇರ ಹಾರಾಟದಲ್ಲಿ ಇರುವಂತೆಯೇ ಮಟ್ಟಸವಾಗಿ ನಿಲ್ಲಿಸುತ್ತಾರೆ. ಒಡಲಿನ ನಡುಗೆರೆಯ ಮುಂದಿನ ಹಾಗೂ ಹಿಂದಿನ ಬಿಂದುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸುಣ್ಣದ ದಾರದಿಂದ ಗೆರೆ ಹಾಕುತ್ತಾರೆ. ಅದಕ್ಕೆ ಸಮಾನಾಂತರವಾಗಿ ಎರಡೂ ಚಕ್ರಗಳ ಕೆಳಗೆ ಇನ್ನೆರಡು ಗೆರೆ. ಕವಚದ ಮೂಗು ಮತ್ತು ಬಾಲದ ತುದಿಗಳಿಂದ ಇಳಿಬಿಟ್ಟ ತೂಗುಗುಂಡುಗಳು ಆ ಗೆರೆಯ ಮೇಲೇ ಬೀಳಬೇಕು. ಎರಡು ಹೋಳು ಕೂಡುವ ಗೆರೆ, ಬಾಲದ ಎತ್ತರ ಎಲ್ಲವನ್ನೂ ರಸಮಟ್ಟ ಹಿಡಿದು ನೋಡುತ್ತಾರೆ. ಟೈರಿನ ನೆತ್ತಿಯ ಮೇಲೆ ಸುಮಾರು ಒಂದು ಅಂಗುಲ ದಪ್ಪದ ಮರದ ತುಂಡಿಟ್ಟು ಅದರ ಮೇಲೆ ಕವಚವನ್ನು ಕೂರಿಸಿದರೆ, ಬೇಕಾದ ಅಂತರ ತಾನಾಗಿ ಉಳಿಯುತ್ತದೆ.

ತೂತು ಕೊರೆಯುವಾಗ ಕಸುಬುದಾರರು ಫೈಬರ್‌ಗ್ಲಾಸಿನ ಒಂದು ಗುಣವನ್ನೇ ಬಳಸಿಕೊಳ್ಳುತ್ತಾರೆ. ಬಣ್ಣ ಬಳಿಯದ ಫೈಬರ್‌ಗ್ಲಾಸ್ ಬೆಳಕನ್ನು ಒಂದಿಷ್ಟು ಹಾಯಿಸುತ್ತದೆ. ಒಳಗಿನಿಂದ ಪ್ರಖರವಾದ ಟಾರ್ಚ್ ಹಿಡಿದರೆ ಬ್ರಾಕೆಟ್‌ನ ತೂತು ಹೊರಗೆ ಬೆಳಕಿನ ಚುಕ್ಕೆಯಾಗಿ ಕಾಣುತ್ತದೆ. ಅಲ್ಲಿಗೇ ಡ್ರಿಲ್. ಊಹೆಯ ಮಾತಿಲ್ಲ.

ಈ ನೇರ ತಪ್ಪಿದರೆ ಆಗುವುದೇನು? ಓರೆಯಾಗಿ ಕೂತ ಕವಚ ಸಣ್ಣ ರೆಕ್ಕೆಯಾಗಿ ವರ್ತಿಸಿ ವಿಮಾನವನ್ನು ಪಕ್ಕಕ್ಕೆ ಎಳೆಯುತ್ತದೆ. ಕಾಲಿನ ಸುತ್ತ ತೊಡಿಸುವ ಪಟ್ಟಿಕವಚ ಸ್ವಲ್ಪ ತಿರುಚಿದರೂ ಹಾಗೆಯೇ. ಪೈಲಟ್ ಎದುರಿನ ಉಪಕರಣದ ಗುಂಡು ನಡುವಿನಲ್ಲಿ ನಿಲ್ಲುವುದಿಲ್ಲ, ಸದಾ ರಡ್ಡರ್ ಒತ್ತಿ ಹಿಡಿಯಬೇಕಾಗುತ್ತದೆ. ಆ ಒತ್ತುವಿಕೆಯೂ ಗಾಳಿಗೆ ತಡೆಯೇ. ಕವಚದಿಂದ ಬಂದ ಲಾಭ ಹೀಗೆ ಸೋರಿಹೋಗುತ್ತದೆ. ಕಾಲು ಕವಚವನ್ನು ಸೇರುವ ಸಂದಿನಲ್ಲಿ ಗಾಳಿ ಇಕ್ಕಟ್ಟಿಗೆ ಸಿಕ್ಕಿ ಸುಳಿಯೆಬ್ಬಿಸುತ್ತದೆ. ಅಲ್ಲಿ ಕೂರುವ ಅಂಗೈಯಗಲದ ಸಂದುಕವಚ ನೋಡಲು ಚಿಕ್ಕದು, ಮಾಡಲು ಕಷ್ಟದ್ದು, ಆದರೆ ಬಿಡುವಂಥದ್ದಲ್ಲ.

ಟೈರು ಬದಲಾದರೆ ಅಳತೆಯೂ ಬದಲು

ಒಮ್ಮೆ ಸರಿಯಾಗಿ ಕೂರಿಸಿದ ಮೇಲೆ ಅಂತರ ಶಾಶ್ವತವೆಂದು ತಿಳಿಯಬಾರದು. ಒಂದೇ ಅಳತೆಯ ಹೆಸರಿನ ಟೈರುಗಳಲ್ಲೂ ತಯಾರಕರಿಂದ ತಯಾರಕರಿಗೆ ಹೊರಸುತ್ತು ತುಸು ಬೇರೆಯಿರುತ್ತದೆ. ಹೊಸ ವಿಮಾನ ಟೈರಿನೊಳಗಿನ ನೈಲಾನ್ ನೂಲು ಗಾಳಿ ತುಂಬಿದ ಮೊದಲ ಅರ್ಧ ದಿನದಲ್ಲಿ ಹಿಗ್ಗುತ್ತದೆ. ಆದ್ದರಿಂದ ಟೈರು ಬದಲಿಸಿದ ಮೇಲೆ ಅಂತರವನ್ನು ಮತ್ತೆ ಅಳೆಯಲೇಬೇಕು. ಸೆಸ್ನಾ ಕವಚಗಳಲ್ಲಿ ಟೈರಿಗೆ ಅಂಟಿದ ಕೆಸರನ್ನು ಕೆರೆದುಹಾಕುವ ಲೋಹದ ಪಟ್ಟಿಯೊಂದಿರುತ್ತದೆ. ಅದಕ್ಕೂ ಟೈರಿಗೂ ಇರಬೇಕಾದ ಅಂತರ ನಿರ್ವಹಣಾ ಕೈಪಿಡಿಯಲ್ಲಿದೆ. ತುಂಬ ಹತ್ತಿರವಾದರೆ ರಬ್ಬರನ್ನೇ ಕೆರೆಯುತ್ತದೆ, ದೂರವಾದರೆ ಕೆಸರನ್ನು ಒಳಗೆ ಬಿಡುತ್ತದೆ.

ಕವಚ ಮುಚ್ಚಿಡುವ ಸಂಗತಿಗಳೂ ಇವೆ. ಟೈರಿನ ಗಾಳಿ ನೋಡಲು ಕವಚ ಬಿಚ್ಚಬೇಕಾದರೆ ಆ ಪರೀಕ್ಷೆ ತಪ್ಪಿಹೋಗುವುದೇ ಹೆಚ್ಚು. ವಾಲ್ವ್‌ಗೆ ಎದುರಾಗಿ ಮುಚ್ಚಳವಿರುವ ಸಣ್ಣ ಕಿಂಡಿ ಇರುವುದು ಅದಕ್ಕೇ. ಬ್ರೇಕಿನ ಕೆಂಪು ಎಣ್ಣೆ ಹೊತ್ತಿಕೊಳ್ಳುವಂಥದ್ದು. ನೆಲದ ಮೇಲೆ ಓಡುವಾಗ ಬ್ರೇಕ್ ಒತ್ತಿಹಿಡಿದೇ ಸಾಗುವ ಅಭ್ಯಾಸವಿದ್ದರೆ ಬ್ರೇಕ್ ಕಾಯುತ್ತದೆ, ಕವಚದೊಳಗಿಂದ ಆ ಬಿಸಿ ಹೊರಹೋಗಲು ದಾರಿ ಕಡಿಮೆ. ಒಳಮೈಯನ್ನು ತಿಳಿಬಣ್ಣದಲ್ಲಿ ಚೊಕ್ಕಟವಾಗಿಟ್ಟರೆ ಎಣ್ಣೆಯ ಕಲೆ, ಟೈರು ಉಜ್ಜಿದ ಕಪ್ಪು ಗೆರೆ, ಹೊಸ ಬಿರುಕು ಮೂರೂ ಬೇಗ ಕಣ್ಣಿಗೆ ಬೀಳುತ್ತವೆ.

ತೆಗೆದಿಡುವುದೂ ಕೆಲಸವೇ

ಹಸಿ ಹುಲ್ಲಿನ, ಕೆಸರಿನ, ಹಿಮದ ಮೈದಾನದಿಂದ ಹಾರುವಾಗ ಕವಚ ಬಿಚ್ಚಿಡುವುದೇ ವಿವೇಕ. ನೆಲದ ಮೇಲೆ ಒಳಹೊಕ್ಕ ನೀರು, ಕೆಸರು ಎತ್ತರದ ಚಳಿಗೆ ಹೆಪ್ಪುಗಟ್ಟಿದರೆ, ಚಕ್ರ ತಿರುಗದ ಸ್ಥಿತಿಯಲ್ಲೇ ಇಳಿಯಬೇಕಾಗುತ್ತದೆ. ದಿನಕ್ಕೆ ಹತ್ತಾರು ಸಲ ಇಳಿದೇರುವ ತರಬೇತಿ ವಿಮಾನಗಳಲ್ಲಿ ಕವಚ ಅಪರೂಪವಾಗಿರುವುದಕ್ಕೂ ಕಾರಣ ಇಂಥದ್ದೇ: ಟೈರು, ಬ್ರೇಕು ಸದಾ ಕಣ್ಣೆದುರಿಗಿರಲಿ ಎಂಬುದು. ಆದರೆ ಬಿಚ್ಚಿದಾಗ ವಿಮಾನದ ತೂಕ ಮತ್ತು ಗುರುತ್ವಕೇಂದ್ರ ತುಸು ಬದಲಾಗುತ್ತವೆ. ಅದನ್ನು ದಾಖಲೆಯಲ್ಲಿ ತಿದ್ದಬೇಕು, ವೇಗ ಮತ್ತು ಇಂಧನದ ಲೆಕ್ಕವನ್ನೂ ತಿದ್ದಿಕೊಳ್ಳಬೇಕು.

ಈ ಕೆಲಸ ಯಾರು ಮಾಡಬಹುದು ಎಂಬುದೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ವಾಯುಯಾನ ನಿಯಮಗಳ 43ನೇ ಭಾಗದ ಪ್ರಕಾರ, ಗಾಳಿಯ ಹರಿವಿಗೆ ಅಡ್ಡಿಯಾಗುವಂತೆ ಆಕಾರ ಬದಲಾಗದಿದ್ದರೆ ಫೇರಿಂಗ್‌ಗಳ ಸಣ್ಣಪುಟ್ಟ ರಿಪೇರಿಯನ್ನು ಪರವಾನಗಿ ಇರುವ ಪೈಲಟ್ ತನ್ನ ಸ್ವಂತ ವಿಮಾನಕ್ಕೆ ತಾನೇ ಮಾಡಿ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬಹುದು. ಭಾರತದಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪ್ರಮಾಣಪತ್ರವಿರುವ ವಿಮಾನಗಳ ನಿರ್ವಹಣೆ ಪರವಾನಗಿ ಪಡೆದ ಎಂಜಿನಿಯರುಗಳ ಹೊಣೆ. ಫೈಬರ್‌ಗ್ಲಾಸಿನ ಕಸುಬು ಮಾತ್ರ ನಮಗೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯಗಳು ಅಂದರೆ ಎನ್‌ಎಎಲ್ ರೂಪಿಸಿದ, 2000ದಲ್ಲಿ ಪ್ರಮಾಣಪತ್ರ ಪಡೆದ ಎರಡು ಆಸನಗಳ ಹಂಸ ವಿಮಾನದ ಇಡೀ ಒಡಲೇ ನಾರು ಮತ್ತು ರೆಸಿನ್ನಿನದು. ಕಾಲು ಮಡಚದ ವಿಮಾನ ಅದೂ ಕೂಡ.

ಮಡಚದ ಕಾಲೆಂದರೆ ಹಿಂದುಳಿದ ತಂತ್ರವೆಂಬ ಭಾವನೆ ಬಹುಕಾಲ ಇತ್ತು. 2000ದಲ್ಲೇ ಅಮೆರಿಕದಲ್ಲಿ ಪ್ರಮಾಣಪತ್ರ ಪಡೆದ ಸಿರಸ್ ಎಸ್‌ಆರ್22 ಅದನ್ನು ಸುಳ್ಳು ಮಾಡಿತು. ಮಡಚುವ ಯಂತ್ರದ ತೂಕ, ಖರ್ಚು, ಚಕ್ರ ಇಳಿಸಲು ಮರೆತು ಹೊಟ್ಟೆಯ ಮೇಲೆ ಇಳಿಯುವ ಅಪಾಯ ಇವೆಲ್ಲವನ್ನೂ ಬಿಟ್ಟು, ಒಳ್ಳೆಯ ಕವಚಗಳನ್ನು ತೊಟ್ಟು ಅದು ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಮೀರಿ ಹಾರುತ್ತದೆ. ಆದರೆ ಆ ಗೆಲುವು ನಿಂತಿರುವುದು ಪ್ರತಿ ವಿಮಾನದ ಬಳಿ ಮಂಡಿಯೂರಿ ಕೆಲಸ ಮಾಡುವವರ ಮೇಲೆ. ಅವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರೇ: ಗಾಳಿಯಲ್ಲಿ ಇದು ನೇರವಾಗಿದೆಯೇ? ಟೈರಿಗೆ ಎಲ್ಲ ಕಡೆ ಜಾಗವಿದೆಯೇ? ಬೇಕೆಂದಾಗ ಸುಲಭವಾಗಿ ಬಿಚ್ಚಬಹುದೇ? ಮೂರಕ್ಕೂ ಹೌದೆಂದು ಹೇಳಲಾಗದಿದ್ದರೆ, ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಕವಚ ಹ್ಯಾಂಗರಿನ ಕಪಾಟಿನಲ್ಲೇ ಉಳಿಯಬೇಕು. ಎರಡು ನಾಟ್ ವೇಗ ಇಲ್ಲದೆಯೂ ಊರು ಸೇರಬಹುದು, ತಿರುಗದ ಚಕ್ರದ ಮೇಲೆ ಕ್ಷೇಮವಾಗಿ ಇಳಿಯಲಾಗದು.